ಇಬ್ಬರಿಗಾಗುವಷ್ಟು ಅಡುಗೆ

ಬೀರುವಿನ ಮೇಲಿದ್ದ ಕಂದು ಬಣ್ಣದ ಚೀಲ ಒಂದು ಬೆಳಿಗ್ಗೆ ತಾನಾಗಿ ಇಳಿದು ಬಂದಂತೆ ಮಂಚದ ಮೇಲೆ ಕೂತಿತ್ತು. ಸೌಟಪ್ಪ ಅದನ್ನು ನೋಡಿದ. ಕೈಯಲ್ಲಿದ್ದ ಚಹಾ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸದ್ದು ಮಾಡದೆ ಹಿತ್ತಿಲಿಗೆ ಹೋಗಿ, ಅಲ್ಲಿ ಬೋರಲು ಹಾಕಿದ್ದ ದೊಡ್ಡ ಹಂಡೆಯ ಮೇಲೆ ಕುಸಿದು ಕುಳಿತ. ಯುದ್ಧ ಸೋತ ಸೇನಾಪತಿಗಳಿಗೆ ಕೂರಲು ಬಂಡೆಗಲ್ಲೋ ಮುರಿದ ರಥವೋ ಸಿಗುತ್ತದೆ. ಇವನಿಗೆ ಹಂಡೆ ಸಿಕ್ಕಿತು.

ಚೀಲದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಹಳ್ಳಿಗೆ ಬರುವ ಮುಂಚೆ ಹೆಂಡತಿ ಹಾಕಿದ್ದ ಷರತ್ತು ಒಂದೇ ಒಂದು.

"ನೀವು ಕರೆದಲ್ಲಿಗೆ ಬರ್ತೀನಿ. ಆದ್ರೆ ವರ್ಷ ತುಂಬೋದ್ರೊಳಗೆ ಒಂದು ದಿನ, ಒಂದೇ ದಿನ, ನನ್ನ ಎದುರಿಗೆ ಕೂತು ಬಿಸಿಬಿಸಿ ಊಟ ಮಾಡ್ಬೇಕು. ಮೊದಲ ತುತ್ತಿಂದ ಕೊನೆ ತುತ್ತಿನ ತನಕ. ಮಧ್ಯೆ ಏಳೋ ಹಾಗಿಲ್ಲ. ಇಲ್ದಿದ್ರೆ ನಾನು ತಂಗಿ ಮನೆಗೆ ಹೊರಟೆ. ಅಲ್ಲಿ ಒಂದು ಕೋಣೆ ಖಾಲಿ ಬಿದ್ದಿದೆ. ಊಟದ ಹೊತ್ತಿಗೆ ಎದುರಿಗೆ ಅವಳಾದ್ರೂ ಇರ್ತಾಳೆ."

ಸೌಟಪ್ಪ ಆಗ ಬಿದ್ದುಬಿದ್ದು ನಕ್ಕಿದ್ದ. "ಇಷ್ಟೇನಾ? ಸಾಮಾನು ಇಳಿಸಿದ ದಿನವೇ ಮುಗಿಸಿಬಿಡ್ತೀನಿ ಕಣೇ!"

ಬರುವ ಭಾನುವಾರಕ್ಕೆ ವರ್ಷ ತುಂಬುತ್ತಿತ್ತು. ಮುಗಿಸಿರಲಿಲ್ಲ.

ಕೇಳಿದವರಿಗೆ ಇದೆಂಥ ಷರತ್ತು ಅನ್ನಿಸಬಹುದು. ಗಂಡ ಎದುರಿಗೆ ಕೂತು ಉಣ್ಣುವುದೂ ಒಂದು ವರವೇ? ಅನೇಕ ಹೆಂಗಸರು ಗಂಡ ಎದುರಿಗಿಲ್ಲದ ಊಟವೇ ವರ ಅಂದಾರು. ಆದರೆ ಅವರ್ಯಾರೂ ಸೌಟಪ್ಪನನ್ನು ಮದುವೆಯಾದವರಲ್ಲ.

ಸೌಟಪ್ಪ ಅವನ ಹುಟ್ಟುಹೆಸರಲ್ಲ. ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಸಿಕ್ಕ ಬಿರುದು. ಮೂರು ಪಾಳಿಯ ಜನಕ್ಕೆ ಅನ್ನ, ಬೇಳೆ, ಪಲ್ಯ ಬೇಯಿಸಿ ಬಡಿಸುವ ಸಾಮ್ರಾಜ್ಯದ ಚಕ್ರವರ್ತಿ ಅವನು. ಅವನ ಸೌಟು ದೋಣಿಯ ಹುಟ್ಟಿನಷ್ಟು ಉದ್ದವಿತ್ತು. ಅದನ್ನು ಎತ್ತಿದನೆಂದರೆ ಯೂನಿಯನ್ನಿನ ಮುಖಂಡರೂ ಬಾಯಿಮುಚ್ಚಿ ತಟ್ಟೆ ಮುಂದೊಡ್ಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಮಾತ್ರ ಹಂಡೆ ಬರಿದಾಗಿತ್ತು. ಸಾಲಿನ ಕೊನೆಯಲ್ಲಿದ್ದ ಕೂಲಿಯವನು ತನ್ನ ಒಣ ತಟ್ಟೆಯನ್ನು ಒಮ್ಮೆ ತಿರುಗಿಸಿ ನೋಡಿ, ಏನೂ ಅನ್ನದೆ, ಎರಡು ಲೋಟ ನೀರು ಕುಡಿದು ಯಂತ್ರದ ಕಡೆ ಹೊರಟುಹೋದ. ಬೈದಿದ್ದರೆ ಸೌಟಪ್ಪ ಸಂಜೆಗೆ ಮರೆಯುತ್ತಿದ್ದ. ಬೈಯಲಿಲ್ಲ, ಅದೇ ತೊಂದರೆಯಾಯಿತು. ಅಂದಿನಿಂದ ಅವನು ಎರಡು ಶಪಥ ಮಾಡಿದ: ಅಡುಗೆ ಎಂದೂ ಕಡಿಮೆ ಬೀಳಬಾರದು, ಎಲ್ಲರದೂ ಆಗುವ ತನಕ ತಾನು ಕೂರಬಾರದು. ಮಹಾವೀರರ ಶಪಥಗಳಿಂದ ಕಷ್ಟಪಡುವವರು ಯಾವಾಗಲೂ ಮನೆಯವರು. ಗಿರಣಿಯಲ್ಲಿ 'ಎಲ್ಲರೂ' ಎಂಬುದಕ್ಕೆ ಕೊನೆಯೇ ಇರಲಿಲ್ಲ. ಒಂದು ಪಾಳಿ ಕೈತೊಳೆಯುವಷ್ಟರಲ್ಲಿ ಇನ್ನೊಂದು ಪಾಳಿ ತಟ್ಟೆ ಬಡಿಯುತ್ತಿತ್ತು. ಅವನು ಮೂಲೆಯಲ್ಲಿ ನಿಂತುಕೊಂಡೇ ತಣ್ಣಗಿನ ಅನ್ನ ನುಂಗುವುದನ್ನು ರೂಢಿ ಮಾಡಿಕೊಂಡ.

ಹೆಂಡತಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಟೋಕನ್ ಕೊಡುವ ಕಿಟಕಿಯ ಹಿಂದೆ ಇಡೀ ಉದ್ಯೋಗ ಕಳೆದವಳು. "ಸಾಲಾಗಿ ಬನ್ನಿ, ಒಬ್ಬೊಬ್ರೇ" ಎನ್ನುವುದರ ನಡುವೆ ಡಬ್ಬಿಯಲ್ಲಿ ತಂದ ತಣ್ಣಗಿನ ಊಟ ಅವಳದು. ಗಂಡ ಊರಿಗೆಲ್ಲ ಬಿಸಿ ಬಡಿಸುತ್ತಾನೆ, ತಾನು ಕಿಟಕಿ ಮುಚ್ಚಿಕೊಂಡು ಒಬ್ಬಳೇ ತಣ್ಣಗಿನದು ತಿನ್ನುತ್ತೇನೆ ಎಂಬ ಲೆಕ್ಕ ಅವಳ ಮನಸ್ಸಿನಲ್ಲಿ ಮೆಲ್ಲಗೆ ಬೆಳೆಯುತ್ತಾ ಹೋಯಿತು. ಮಕ್ಕಳಿರಲಿಲ್ಲ. ಅವನಿಗೆ ಮಕ್ಕಳ ಜಾಗದಲ್ಲಿ ಮೂರು ಪಾಳಿಯ ಜನವಿದ್ದರು. ಅವಳಿಗೆ ಆ ಜಾಗದಲ್ಲಿ ಯಾರಿದ್ದರು ಎಂದು ಅವನು ಕೇಳಿರಲಿಲ್ಲ.

ಇಬ್ಬರೂ ನಿವೃತ್ತರಾದ ಮೇಲೆ, ಗಿರಣಿಯ ಗುಮಾಸ್ತನೊಬ್ಬ ತನ್ನ ಹಳ್ಳಿಯಲ್ಲಿ ಖಾಲಿ ಬಿದ್ದಿದ್ದ ಮನೆಯನ್ನು ಕಡಿಮೆ ಬಾಡಿಗೆಗೆ ಕೊಡುತ್ತೇನೆಂದ. ಸೌಟಪ್ಪನ ಲೆಕ್ಕಾಚಾರ ಸರಳವಾಗಿತ್ತು. ಹಳ್ಳಿ ಅಂದರೆ ಜನ ಕಡಿಮೆ. ಜನ ಕಡಿಮೆ ಅಂದರೆ ಅಡುಗೆ ಕಡಿಮೆ. ಅಡುಗೆ ಕಡಿಮೆ ಅಂದರೆ ಕೂರಲು ಬಿಡುವು. ಇಷ್ಟು ಗಟ್ಟಿಯಾದ ಯೋಜನೆ ಹಾಕಿ ಹೊರಟ ಸೇನಾಪತಿ ಎಲ್ಲಿ ಎಡವಿದ? ಹಂಡೆಯ ಮೇಲೆ ಕುಳಿತು ಅವನು ಯೋಚಿಸುತ್ತಿದ್ದುದು ಅದನ್ನೇ.

ಮೊದಲ ಎಡವು ಈ ಹಂಡೆಯದೇ. ಗಿರಣಿಯವರು ಕ್ಯಾಂಟೀನು ಹೊಸದು ಮಾಡುವಾಗ ಹಳೆಯ ಪಾತ್ರೆಗಳನ್ನೆಲ್ಲ ಅವನಿಗೇ ಕೊಟ್ಟುಬಿಟ್ಟಿದ್ದರು. ಬೇಡ ಅನ್ನಲು ಬಾಯಿ ಬಂದಿರಲಿಲ್ಲ. ಹಾಗಾಗಿ ಅವನು ಈ ಊರನ್ನು ಪ್ರವೇಶಿಸಿದಾಗ ಲಾರಿಯಲ್ಲಿ ಒಂದು ಮಂಚ, ಒಂದು ಬೀರು, ಎರಡು ಕುರ್ಚಿ. ಉಳಿದದ್ದೆಲ್ಲ ಹಂಡೆ, ಬೋಗುಣಿ, ಗುರಾಣಿಯಂಥ ಮುಚ್ಚಳಗಳು. ರಸ್ತೆಯ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಹಿಂದಿನಿಂದ ರಣಭೇರಿ ಮೊಳಗಿತು. ಊರಿಗೆ ಊರೇ ಬಾಗಿಲಿಗೆ ಬಂದು ನಿಂತಿತು. ಯಾರದೋ ಮದುವೆಯಿರಬೇಕು, ನಮ್ಮನ್ನು ಕರೆಯಲಿಲ್ಲವಲ್ಲ ಎಂದು ಒಂದಿಬ್ಬರು ಮುಖ ಊದಿಸಿಕೊಂಡರು. ದೊಡ್ಡ ಹಂಡೆ ಮುಂಬಾಗಿಲಲ್ಲಿ ಸಿಕ್ಕಿಕೊಂಡು ಒಳಗೂ ಹೋಗದೆ ಹೊರಗೂ ಬಾರದೆ ಕುಳಿತಾಗ, ಎದುರುಮನೆ ಅಜ್ಜಿ ಕಟ್ಟೆಯ ಮೇಲಿಂದಲೇ ಅಪ್ಪಣೆ ಕೊಟ್ಟಳು:

"ಏಯ್, ನೂಕಬೇಡ್ರೋ, ಬಾಗಿಲು ಕಿತ್ತು ಬಂದೀತು! ಗೋಡೆ ಮೇಲಿಂದ ಹಿತ್ತಿಲಿಗೆ ದಾಟ್ಸಿ. ಏನಪ್ಪಾ ಹೊಸಬ, ನಿಮ್ಮ ಮನೇಲಿ ಎಷ್ಟು ಜನ?"

"ಇಬ್ಬರೇ ಅಜ್ಜಿ."

ಅಜ್ಜಿ ಹಂಡೆಯನ್ನು ನೋಡಿದಳು, ಅವನನ್ನು ನೋಡಿದಳು, ಅವನ ಹೆಂಡತಿಯನ್ನು ನೋಡಿದಳು. "ಚೆನ್ನಾಗಿ ಉಣ್ತೀರ ಅನ್ಸುತ್ತೆ" ಅಂದಳು.

ಆ ಮಧ್ಯಾಹ್ನವೇ ಸೌಟಪ್ಪ ಷರತ್ತು ಮುಗಿಸಲು ಒಲೆ ಹೊತ್ತಿಸಿದ. ಇಬ್ಬರಿಗೆ ಅಡುಗೆ! ಮೂರು ಪಾಳಿ ಸಾಕಿದವನಿಗೆ ಇದೊಂದು ಲೆಕ್ಕವೇ? ಆದರೆ ಅವನ ಕೈ ಅವನ ತಲೆಯ ಮಾತು ಕೇಳುವ ಕೈಯಾಗಿರಲಿಲ್ಲ. ತಲೆ 'ಒಂದು ಹಿಡಿ' ಅಂದರೆ ಕೈ ಮೊರ ಎತ್ತುತ್ತಿತ್ತು. 'ಚಿಟಿಕೆ ಉಪ್ಪು' ಎಂಬುದು ಅವನ ಶಬ್ದಕೋಶದಲ್ಲಿ ಬೊಗಸೆಗೆ ಇನ್ನೊಂದು ಹೆಸರು. ಹೆಂಡತಿ ಸ್ನಾನ ಮುಗಿಸಿ ಬಂದು ನೋಡಿದಾಗ ಅಡುಗೆಮನೆಯಲ್ಲಿ ಅನ್ನದ ಬೆಟ್ಟವೊಂದು ಎದ್ದು ನಿಂತು ಅದರ ತುದಿಯಲ್ಲಿ ಮೋಡದಂತೆ ಹಬೆ ಆಡುತ್ತಿತ್ತು.

"ಯಾರ ಮದುವೆ ರೀ?"

"ಒಂಚೂರು ಹೆಚ್ಚಾಯ್ತು."

"ಒಂಚೂರಾ? ಇದನ್ನ ನಾವಿಬ್ರೇ ಮುಗಿಸ್ಬೇಕಂದ್ರೆ ಇನ್ನೊಂದು ಜನ್ಮ ಎತ್ತಿ ಬರ್ಬೇಕು!"

"ನೀನು ಶುರು ಮಾಡು. ಬಿಸಿ ಇರುವಾಗಲೇ ಅಕ್ಕಪಕ್ಕದವರಿಗೆ ಕೊಟ್ಟು ಬಂದುಬಿಡ್ತೀನಿ."

ಅವನು ಬೋಗುಣಿಗಳನ್ನು ತುಂಬಿಕೊಂಡು ಹೋದ. ಎದುರುಮನೆ ಅಜ್ಜಿಗೆ ಒಂದು. ಪಕ್ಕದ ಹೊಲದಲ್ಲಿ ಕುಂಬಳದ ಬಳ್ಳಿ ಬೆಳೆಸುವ, ಊರೆಲ್ಲ 'ಕುಂಬಳದ ಸಾಹುಕಾರ' ಎಂದು ಕರೆಯುವ ರೈತನಿಗೆ ಒಂದು. ಆಲದ ಮರದಡಿ ಬಸ್ಸು ನಿಲ್ಲಿಸಿಕೊಂಡು ಬಿಸ್ಕತ್ತು ತಿನ್ನುತ್ತಿದ್ದ ಡ್ರೈವರನಿಗೆ ಒಂದು. ಎಲ್ಲರೂ ತಿಂದರು, ಎಲ್ಲರೂ ಕಣ್ಣರಳಿಸಿದರು, ಎಲ್ಲರಿಗೂ ಅವನು ನಿಂತು ಎರಡನೇ ಸಲ ಬಡಿಸಿದ. ಮನೆಗೆ ಬಂದಾಗ ಹೆಂಡತಿ ತಟ್ಟೆ ತೊಳೆದು ಬೋರಲು ಹಾಕುತ್ತಿದ್ದಳು. ಮೊದಲ ದಿನದ ಕಾಳಗ ಹೀಗೆ ಸೋಲಿನಲ್ಲಿ ಮುಗಿಯಿತು.

ಸೋಲು ಅಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ಮರುದಿನ ಬೆಳಿಗ್ಗೆ ಬೋಗುಣಿಗಳು ಮರಳಿ ಬಂದವು. ಸಾಹುಕಾರನ ಬೋಗುಣಿಯ ಮೇಲೆ, ಸಿಂಹಾಸನದ ಮೇಲೆ ರಾಜನಂತೆ, ಒಂದು ಭಾರಿ ಕುಂಬಳಕಾಯಿ. ಅಜ್ಜಿಯ ಬೋಗುಣಿಯ ತುಂಬ ಸೊಪ್ಪು. ಡ್ರೈವರನದು ಪೇಟೆಯಿಂದ ಟೊಮೆಟೊ ತುಂಬಿಕೊಂಡು ಬಂತು.

"ಇದೆಲ್ಲ ಯಾಕೆ ಅಜ್ಜಿ?" ಎಂದು ಹೆಂಡತಿ ಕೇಳಿದಳು.

"ನಮ್ಮೂರಲ್ಲಿ ತುಂಬಿ ಬಂದ ಪಾತ್ರೆ ಬರಿದಾಗಿ ವಾಪಸ್ ಹೋಗಲ್ಲ ಮಗಳೇ. ಹೋದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

ಸೌಟಪ್ಪನ ಕಣ್ಣು ತುಂಬಿ ಬಂತು. ಎಂಥ ಊರು! ಎಂಥ ಜನ! ಹೆಂಡತಿಗೂ ಕಣ್ಣು ತುಂಬಿತು, ಆದರೆ ಅವಳು ಕುಂಬಳಕಾಯಿಯನ್ನು ನೋಡುತ್ತಿದ್ದಳು.

ಕುಂಬಳಕಾಯಿಯ ಸ್ವಭಾವವೇ ಹಾಗೆ. ಅದನ್ನು ಹೆಚ್ಚುವ ತನಕ ಸಾಧು; ಹೆಚ್ಚಿದ ಮೇಲೆ ಕಾಲಿಡಲು ಜಾಗವಿಲ್ಲ. ಇಡೀ ಕಾಯಿಯನ್ನು ಬೇಯಿಸಲೇಬೇಕು. ಬೇಯಿಸಿದ್ದು ಇಬ್ಬರಿಗೆ ಮುಗಿಯುವುದಿಲ್ಲ. ಮುಗಿಯದ್ದನ್ನು ಹಂಚಬೇಕು. ಹಂಚಿದ ಪಾತ್ರೆ ಬರಿದಾಗಿ ಬರುವುದಿಲ್ಲ. ಮಳೆಗಾಲ ಹಿಡಿಯುವಷ್ಟರಲ್ಲಿ ಮಂಚದ ಕೆಳಗೆ ಕುಂಬಳಕಾಯಿಗಳು ಸಾಲಾಗಿ ಮಲಗಿದ್ದವು. ಬೀರುವಿನಲ್ಲಿ ಸೀರೆಗಳ ಪಕ್ಕ ಸೋರೆಕಾಯಿಗಳು ನಿಂತಿದ್ದವು. ಈರುಳ್ಳಿ ತುಂಬಿಡಲು ಜಾಗವೇ ಇಲ್ಲ ಎಂದು ಸೌಟಪ್ಪ ದಿನಾ ಗೊಣಗುತ್ತಿದ್ದ. ಹಿತ್ತಿಲಿನ ದೊಡ್ಡ ಹಂಡೆ ನಿವೃತ್ತಿ ರದ್ದು ಮಾಡಿಕೊಂಡು ಒಲೆ ಏರಿತು. ಬಸ್ಸಿನವನು ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೇ ಆಲದ ಮರದಡಿ ಬರುವಂತೆ ಓಡಿಸತೊಡಗಿದ. ಅವನ ಹಿಂದೆ ಕಂಡಕ್ಟರು, ಕಂಡಕ್ಟರಿನ ಹಿಂದೆ ಹಸಿದ ಪ್ರಯಾಣಿಕರು. ಅವರೆಲ್ಲ ಮುಂದಿನ ಸಲ ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಒಂದು ದಿನ ಜಗುಲಿಯಲ್ಲಿ ನೂಕುನುಗ್ಗಲು ತಡೆಯಲಾರದೆ ಹೆಂಡತಿಯ ಬಾಯಿಂದ ತಾನಾಗಿ ಹೊರಬಿತ್ತು: "ಸಾಲಾಗಿ ಬನ್ನಿ! ಒಬ್ಬೊಬ್ರೇ!" ಜನ ತಕ್ಷಣ ಸಾಲಾಗಿ ನಿಂತರು. ಅವಳು ನಾಲಿಗೆ ಕಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಸೌಟಪ್ಪನಿಗೆ ಅದು ತಿಳಿದದ್ದು ಸಂಜೆ, ಪಾತ್ರೆ ತೊಳೆಯುವಾಗ ಅವಳ ತಟ್ಟೆ ಒಣಗಿದ್ದನ್ನು ನೋಡಿ.

ಅವನು ಪ್ರಯತ್ನಿಸಲಿಲ್ಲ ಎನ್ನುವಂತಿಲ್ಲ. ಕೈಯನ್ನು ಪಳಗಿಸಲು ಎಡಗೈಯಲ್ಲಿ ಅಡುಗೆ ಮಾಡಿದ. ಎಡಗೈಯೂ ಅದೇ ಮನೆತನದ್ದು ಎಂದು ಗೊತ್ತಾಯಿತು. ಅಕ್ಕಿ ಅಳೆಯುವ ಅಧಿಕಾರವನ್ನೇ ಹೆಂಡತಿಗೆ ಬಿಟ್ಟುಕೊಟ್ಟ. ಅವಳು ಇಬ್ಬರಿಗೆ ಸರಿಯಾಗಿ ಅಳೆದಿಟ್ಟು ಬೆನ್ನು ತಿರುಗಿಸುವುದೇ ತಡ, 'ಯಾರಾದರೂ ಬಂದರೆ?' ಎಂದು ಒಂದು ಹಿಡಿ ಹಾಕಿದ. 'ಬಂದವರು ಒಬ್ಬರನ್ನು ಕರೆತಂದರೆ?' ಎಂದು ಇನ್ನೊಂದು ಹಿಡಿ.

ಸುಗ್ಗಿಯ ಕಾಲದಲ್ಲಿ ಒಮ್ಮೆ ಊರೆಲ್ಲ ಹೊಲದಲ್ಲಿತ್ತು. ಬಸ್ಸು ಕೆಟ್ಟು ಪೇಟೆಯಲ್ಲಿ ನಿಂತಿತ್ತು. ಮನೆಯಲ್ಲಿ ನಿಜಕ್ಕೂ ಇಬ್ಬರೇ. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಹೆಂಡತಿ ಎರಡು ತಟ್ಟೆ ಹಾಕಿದಳು. ಅವನು ಅವಳ ತಟ್ಟೆಗೆ ಬಡಿಸಿದ. ಸೌಟು ಹಿಡಿದು ಪಕ್ಕದಲ್ಲಿ ನಿಂತ.

"ಕೂತ್ಕೊಳ್ರೀ."

"ನೀನು ಉಣ್ಣು. ಇನ್ನೊಂದು ಸೌಟು ಬೇಕಾಗ್ಬಹುದು."

"ಬೇಕಾದ್ರೆ ನಾನೇ ಹಾಕ್ಕೋತೀನಿ. ದೇವರು ನನಗೂ ಎರಡು ಕೈ ಕೊಟ್ಟಿದ್ದಾನೆ."

"ನಿನಗ್ಯಾಕೆ ಸುಮ್ನೆ ತೊಂದರೆ."

"ತೊಂದರೆ ಇರೋದು ನಿಂತಿರೋ ನಿಮ್ಮಿಂದ. ತಲೆ ಮೇಲೆ ಇನ್‌ಸ್ಪೆಕ್ಟರ್ ನಿಂತ ಹಾಗೆ ಆಗುತ್ತೆ. ಕೂತ್ಕೊಳ್ಳಿ!"

ಅವನು ಕೂತ. ಕೂತ ಎನ್ನುವುದು ದೊಡ್ಡ ಮಾತು. ಮುಂದಿನ ನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕನಂತೆ ಸೀಟಿನ ತುದಿಗೆ ಒರಗಿದ. ಅವಳು ಉಪ್ಪಿನ ಕಡೆ ನೋಡಿದಳು, ಅವನು ಎದ್ದ. ನೀರಿನ ಕಡೆ ನೋಡಿದಳು, ಎದ್ದ. ಕಿಟಕಿಯ ಕಡೆ ನೋಡಿದಳು, ಆಗಲೂ ಎದ್ದು ಹೋಗಿ ಕಿಟಕಿ ತೆಗೆದು ಬಂದ.

"ಸೊಂಟಕ್ಕೆ ಸ್ಪ್ರಿಂಗ್ ಹಾಕ್ಸಿದ್ದೀರಾ?" ಎಂದು ಕೇಳಿ, ಅವಳು ಅರ್ಧಕ್ಕೇ ಕೈತೊಳೆದಳು.

ಹೀಗಿತ್ತು ಆ ವರ್ಷದ ಇತಿಹಾಸ. ಹಂಡೆಯ ಮೇಲೆ ಕುಳಿತ ಸೌಟಪ್ಪ ಅದನ್ನೆಲ್ಲ ಅಳೆದು ತೂಗಿ ನೋಡುತ್ತಿರುವಾಗ ಒಳಗಿನಿಂದ ಹೆಂಡತಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಹೂಂ ಕಣೇ, ಭಾನುವಾರ ಮಧ್ಯಾಹ್ನದ ಬಸ್ಸಿಗೆ... ಇಲ್ಲ, ಜಗಳ ಏನಿಲ್ಲ. ಅವರ ಮೇಲೆ ಏನಂತ ಜಗಳ ಆಡ್ಲಿ? ಕೆಟ್ಟವರಲ್ವಲ್ಲ. ಊರಿಗೆಲ್ಲ ಬಡಿಸ್ತಾರೆ. ನನಗೂ ಬಡಿಸ್ತಾರೆ. ಅಷ್ಟೇ, ನನಗೂ ಬಡಿಸ್ತಾರೆ."

 ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಸೋಲಿನ ಕಾರಣ ಕಂಡುಹಿಡಿದ. ಕಂಡುಹಿಡಿದನೆಂದು ಅಂದುಕೊಂಡ. ಎಲ್ಲ ತಪ್ಪೂ ಪಾತ್ರೆಗಳದು! ದೊಡ್ಡ ಪಾತ್ರೆಯಲ್ಲಿ ಸಣ್ಣ ಅಡುಗೆ ಹೇಗೆ ಆದೀತು? ಶನಿವಾರ ಅವನು ಪೇಟೆಗೆ ಹೋಗಿ ಪಾತ್ರೆ ಅಂಗಡಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಪಾತ್ರೆ ತೋರಿಸು ಎಂದ. ಅಂಗಡಿಯವನು ಮೂರು ನಾಲ್ಕು ತೋರಿಸಿದ. ಇವನು ಇನ್ನೂ ಚಿಕ್ಕದು, ಇನ್ನೂ ಚಿಕ್ಕದು ಎಂದು ಹಟ ಹಿಡಿದ.

"ಮೊಮ್ಮಗಳ ಆಟಕ್ಕಾ ಯಜಮಾನ್ರೇ?"

"ಅಲ್ಲಪ್ಪ. ಯುದ್ಧಕ್ಕೆ."

ಭಾನುವಾರ ಬೆಳಿಗ್ಗೆ ಅವನು ಹಗಲುಹೊತ್ತಿನಲ್ಲೇ ಮುಂಬಾಗಿಲಿಗೆ ಅಗಳಿ ಹಾಕಿದ. ಕಿಟಕಿಗಳನ್ನು ಮುಚ್ಚಿದ, ಒಗ್ಗರಣೆಯ ವಾಸನೆ ಬಸ್ಸಿನವನ ಮೂಗಿಗೆ ತಲುಪಬಾರದಲ್ಲ. ಹಿತ್ತಿಲಿನ ಒಲೆಯನ್ನು ಮುಟ್ಟಲಿಲ್ಲ. ಅಡುಗೆಮನೆಯ ಮೂಲೆಯ ಚಿಕ್ಕ ಗ್ಯಾಸ್ ಒಲೆಯ ಮೇಲೆ ಅಂಗೈಯಗಲದ ಪಾತ್ರೆಯನ್ನಿಟ್ಟು, ಗಡಿಯಾರದ ಮುಳ್ಳು ರಿಪೇರಿ ಮಾಡುವವನಂತೆ ಬಗ್ಗಿ ನಿಂತ. ಬೆವರು ಪಾತ್ರೆಗೆ ಬೀಳದಂತೆ ಹಣೆಗೆ ಟವೆಲು ಬಿಗಿದ. ಅಕ್ಕಿಗೆ ಕೈ ಹಾಕಿದಾಗಲೆಲ್ಲ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡ. ಗಿರಣಿಯ ಮುಷ್ಕರದ ದಿನಗಳಲ್ಲೂ ಅವನು ಇಷ್ಟು ಬಳಲಿರಲಿಲ್ಲ. ಕೊನೆಗೂ ಆಯಿತು. ಇಷ್ಟೇ ಇಷ್ಟು ಅನ್ನ, ಇಷ್ಟೇ ಇಷ್ಟು ಬೇಳೆ, ನಾಲ್ಕು ಹೋಳು ತರಕಾರಿ. ಲೋಕವನ್ನು ಗೆದ್ದವನಂತೆ ಅವನು ಎರಡು ತಟ್ಟೆಗಳನ್ನು ಎದುರುಬದುರಾಗಿ ಹಾಕಿ ಹೆಂಡತಿಯನ್ನು ಕರೆದ.

ಹೆಂಡತಿ ಪ್ರಯಾಣಕ್ಕೆ ಸೀರೆ ಉಟ್ಟುಕೊಂಡು ತಯಾರಾಗಿದ್ದಳು. ಎರಡು ತಟ್ಟೆ ನೋಡಿದಳು. ಅಂಗೈಯಗಲದ ಪಾತ್ರೆ ನೋಡಿದಳು. ಹಣೆಗೆ ಕಟ್ಟಿದ ಟವೆಲು ನೋಡಿದಳು. ಮುಖ ಸ್ವಲ್ಪ ಸಡಿಲವಾಯಿತು. ಬಂದು ಕುಳಿತಳು.

ಅವನು ಬಡಿಸಿದ. ಹಬೆ ಎದ್ದಿತು. ಅವಳು ಒಂದು ತುತ್ತು ಬಾಯಿಗಿಟ್ಟಳು.

"ಹೇಗಿದೆ?"

"ತುಂಬಾ ಚೆನ್ನಾಗಿದೆ. ಈಗ ಕೂತ್ಕೊಳ್ಳಿ."

"ಕೂತೆ ಕೂತೆ. ನಿನಗೆ ಇನ್ನೊಂದು ಸ್ವಲ್ಪ..."

ಇನ್ನೊಂದು ಸ್ವಲ್ಪ ಹಾಕಿದ. ಚೆನ್ನಾಗಿದೆ ಎಂದು ಅವಳ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತು! ಆ ಸಂತೋಷಕ್ಕೆ ಮತ್ತೊಂದು ಸೌಟು. ಅವಳು ಬೇಡ ಬೇಡ ಎಂದು ಕೈ ಅಡ್ಡ ಹಿಡಿದಳು. ಬೆರಳುಗಳ ಸಂದಿಯಿಂದ ಬಡಿಸುವ ಕಲೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆಮೇಲೆ ಅವನು ಟವೆಲು ಬಿಚ್ಚಿ, ಲುಂಗಿ ಮಡಿಸಿ, ತನ್ನ ತಟ್ಟೆಯ ಮುಂದೆ ಬಂದು ಪಾತ್ರೆಗೆ ಸೌಟು ಹಾಕಿದ.

ಕರ್ ಎಂದು ತಳ ಕೆರೆದ ಸದ್ದಾಯಿತು.

ಇನ್ನೊಮ್ಮೆ ಹಾಕಿದ. ಕರ್.

ಪಾತ್ರೆ ಬರಿದಾಗಿತ್ತು. ಅಡುಗೆ ಎಂದೂ ಕಡಿಮೆ ಬೀಳಬಾರದೆಂದು ಶಪಥ ಮಾಡಿದ ವೀರ, ಇಬ್ಬರ ಅಡುಗೆಯಲ್ಲಿ ಕಡಿಮೆ ಬೀಳಿಸಿ ಕುಳಿತಿದ್ದ. ಅವನು ತನ್ನ ಒಣ ತಟ್ಟೆಯನ್ನು ಕೈಗೆತ್ತಿಕೊಂಡು ಒಮ್ಮೆ ತಿರುಗಿಸಿ ನೋಡಿದ. ಹಾಗೆ ತಿರುಗಿಸಿ ನೋಡಿದವನೊಬ್ಬನ ಮುಖ ನೆನಪಾಯಿತು.

ಹೆಂಡತಿ ತನ್ನ ತಟ್ಟೆಯ ಕಡೆ ನೋಡಿದಳು. ಅಲ್ಲಿ ಉಳಿದಿದ್ದದ್ದು ಕೊನೆಯ ತುತ್ತು. ಅದನ್ನು ಉಣ್ಣಲೂ ಆಗದೆ ಬಿಡಲೂ ಆಗದೆ ಸ್ವಲ್ಪ ಹೊತ್ತು ಕುಳಿತಳು.

"ಜೀವಮಾನದಲ್ಲಿ ಮೊದಲ ಸಲ ಅಳತೆ ಸರಿಯಾಗಿ ಬಂತಲ್ರೀ" ಅಂದಳು. "ಒಬ್ಬರಿಗೆ."

"ಇರು, ಇನ್ನೊಂದು ಹಿಡಿ ಅಕ್ಕಿ ಇಡ್ತೀನಿ. ಈಗ ಆಗುತ್ತೆ."

"ಅದು ಆಗೋಷ್ಟರಲ್ಲಿ ಇದು ಆರುತ್ತೆ. ಇದನ್ನ ಉಂಡು ಮುಗಿಸಿದ್ರೆ ನಿಮ್ಮ ಊಟಕ್ಕೆ ಎದುರಿಗೆ ನಾನಿರಲ್ಲ. ಅಡುಗೆ ಎಷ್ಟಿರ್ಬೇಕು ಅಂತ ಅವತ್ತು ನಾನು ಹೇಳ್ಲೇ ಇಲ್ಲ. ಬೆಟ್ಟದಷ್ಟು ಮಾಡಿ ಅಂತಾನೂ ಅನ್ಲಿಲ್ಲ, ಬೆರಳಷ್ಟು ಮಾಡಿ ಅಂತಾನೂ ಅನ್ಲಿಲ್ಲ. ಕೂತ್ಕೊಳ್ಳಿ ಅಂದಿದ್ದೆ. ನೀವು ವರ್ಷವೆಲ್ಲ ಪಾತ್ರೆ ಜೊತೆ ಗುದ್ದಾಡಿದ್ರಿ."

ಅವಳು ಎದ್ದು ಕೈತೊಳೆದು ಕೋಣೆಗೆ ಹೋದಳು. ಚೀಲದ ಜಿಪ್ಪು ಎಳೆದ ಸದ್ದು ಕೇಳಿಸಿತು. ಸೌಟಪ್ಪ ಸೌಟು ಹಿಡಿದುಕೊಂಡು ಅಲ್ಲೇ ಇದ್ದ. 

ಆಗ ಬಾಗಿಲ ಮೇಲೆ ದಬದಬ ಎಂದು ಏಟು ಬಿತ್ತು.

"ಸೌಟಪ್ಪಾ! ಬಾಗಿಲು ತೆಗಿ! ಬದುಕಿದ್ದೀಯೋ ಇಲ್ವೋ, ಅದನ್ನಾದ್ರೂ ಹೇಳು!"

ಎದುರುಮನೆ ಅಜ್ಜಿಯ ದನಿ. ಅವನು ಹೋಗಿ ಅಗಳಿ ತೆಗೆದ. ಜಗುಲಿಯ ತುಂಬ ಜನ. ಮುಂದೆ ಅಜ್ಜಿ, ಪಕ್ಕದಲ್ಲಿ ಕುಂಬಳದ ಸಾಹುಕಾರ, ಅವನ ಹಿಂದೆ ಡ್ರೈವರು. ಎಲ್ಲರ ಕೈಯಲ್ಲೂ ಸೌಟಪ್ಪನದೇ ಬೋಗುಣಿಗಳು. ಆದರೆ ಇವತ್ತು ಬೋಗುಣಿಗಳಿಂದ ಹಬೆ ಏಳುತ್ತಿತ್ತು.

ಅವನು ಗಟ್ಟಿಮುಟ್ಟಾಗಿ ನಿಂತಿದ್ದನ್ನು ನೋಡಿ ಅಜ್ಜಿಯ ಮುಖ ಪೆಚ್ಚಾಯಿತು. "ಚೆನ್ನಾಗೇ ಇದ್ದೀಯಲ್ಲೋ!"

"ಇದ್ದೀನಿ ಅಜ್ಜಿ. ಯಾಕೆ?"

"ಯಾಕೆ ಅಂತಾನೆ ನೋಡು! ಬೆಳಿಗ್ಗೆಯಿಂದ ಹಿತ್ತಿಲಲ್ಲಿ ಹೊಗೆಯಿಲ್ಲ, ಹಂಡೆ ಸದ್ದಿಲ್ಲ, ಹಾಡುಹಗಲಲ್ಲಿ ಬಾಗಿಲಿಗೆ ಅಗಳಿ. ಹಾಸಿಗೆ ಹಿಡಿದಿದ್ದಾನೆ ಅಂತ ಊರೆಲ್ಲ ಒಲೆ ಹಚ್ಚಿದೆ."

"ನಾನೇ ಕೈಯಾರೆ ಮಾಡಿದ್ದು" ಎಂದು ಸಾಹುಕಾರ ಬೋಗುಣಿಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡ. "ಕುಂಬಳಕಾಯಿದೇ. ಅಡಿ ಹಿಡಿದಿದೆ ಸ್ವಲ್ಪ."

"ಇದುವರೆಗೂ ಯಾವತ್ತೂ ಅಡುಗೆ ತಂದಿರ್ಲಿಲ್ವಲ್ಲ ನೀವು" ಎಂದ ಸೌಟಪ್ಪ, ನಂಬಲಾಗದೆ.

"ತರ್ತೀವಾ? ನಿನ್ನ ಕೈರುಚಿ ಮುಂದೆ ನಮ್ಮದು ಯಾವ ಮೂಲೆಗೆ ಬಂತು?" ಅಜ್ಜಿ ಸಿಡುಕಿದಳು. "ನಾಚಿಕೆ ಆಗ್ತಿತ್ತು. ಅದಕ್ಕೇ ವರ್ಷವೆಲ್ಲ ಕಾಯಿ, ಸೊಪ್ಪು ಹಸಿಹಸಿಯಾಗೇ ತುಂಬಿಸಿಕೊಟ್ವಿ. ಇವತ್ತು ನಿನಗೆ ಜ್ವರ, ಬಾಯಿಗೆ ರುಚಿ ಇರಲ್ಲ ಅಂತ ಧೈರ್ಯ ಮಾಡಿದ್ವಿ. ನೀನು ನೋಡಿದ್ರೆ ಗುಂಡುಕಲ್ಲಿನ ಹಾಗೆ ನಿಂತಿದ್ದೀಯ!"

ಎಲ್ಲರೂ ನಕ್ಕರು. ಸೌಟಪ್ಪನ ಕೈ ತಾನಾಗಿ ಮುಂದೆ ಹೋಗಿ ಬೋಗುಣಿಗಳನ್ನು ಇಸಿದುಕೊಂಡಿತು. ಅವನ ಬಾಯಿ ತಾನಾಗಿ ತೆರೆಯಿತು. 'ಒಳಗೆ ಬನ್ನಿ, ಎಲ್ಲರೂ ಸಾಲಾಗಿ ಕೂತ್ಕೊಳ್ಳಿ, ನಾನು ಬಡಿಸ್ತೀನಿ' ಎಂಬ ಮಾತು ನಾಲಿಗೆಯ ತುದಿಯ ತನಕ ಬಂದು ನಿಂತಿತ್ತು. ಅಷ್ಟರಲ್ಲಿ ಅವನ ಕಣ್ಣು ಕೋಣೆಯ ಬಾಗಿಲಿಗೆ ಹೋಯಿತು. ಹೆಂಡತಿ ಚೀಲ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವನು ಮುಂದೇನು ಹೇಳುತ್ತಾನೆಂದು ಅವಳಿಗೆ ಬಾಯಿಪಾಠವಾಗಿತ್ತು.

ಸೌಟಪ್ಪ ಆ ಮಾತನ್ನು ನುಂಗಿದ. ಬೋಗುಣಿಗಳನ್ನು ಕೆಳಗಿಟ್ಟ. ಆಮೇಲೆ ಕೈಯಲ್ಲಿದ್ದ ಸೌಟನ್ನು, ಸೋತ ರಾಜ ಖಡ್ಗ ಒಪ್ಪಿಸುವಂತೆ ಎರಡೂ ಕೈಯಲ್ಲಿ ಹಿಡಿದು, ಅಜ್ಜಿಯ ಮುಂದೆ ಚಾಚಿದ.

"ಅಜ್ಜಿ, ನನಗೆ ಹಸಿವಾಗಿದೆ" ಅಂದ. "ಬಡಿಸ್ತೀರಾ?"

 ಅವನ ಬಾಯಿಂದ 'ಹಸಿವು' ಎಂಬ ಶಬ್ದವನ್ನು ಜಗುಲಿಯಲ್ಲಿದ್ದ ಯಾರೂ ಕೇಳಿರಲಿಲ್ಲ. ಹೆಂಡತಿಯೂ ಕೇಳಿರಲಿಲ್ಲ.

ಅವನು ಹೋಗಿ ತನ್ನ ಒಣ ತಟ್ಟೆಯ ಮುಂದೆ ಕುಳಿತ. ಈ ಸಲ ನಿಜವಾಗಿ ಕುಳಿತ, ಚಕ್ಕಂಬಕ್ಕಳ ಹಾಕಿ, ನೆಲಕ್ಕೆ ಭಾರ ಬಿಟ್ಟು. "ಲೇ" ಎಂದು ಕರೆದ. "ಎದುರಿಗೆ ಬಾ."

"ನನ್ನದು ಊಟ ಆಯ್ತಲ್ಲ."

"ಇನ್ನೂ ಒಂದು ತುತ್ತು ಬಾಕಿ ಇದೆ ನಿನ್ನ ತಟ್ಟೇಲಿ. ನಾನು ನೋಡಿದ್ದೀನಿ."

ಹೆಂಡತಿ ಚೀಲವನ್ನು ಗೋಡೆಗೆ ಒರಗಿಸಿ ಬಂದು ಕುಳಿತಳು. ಅಜ್ಜಿ ಇಬ್ಬರಿಗೂ ಬಡಿಸಿದಳು. ಬೇಡವೆಂದು ಅಡ್ಡ ಹಿಡಿದ ಕೈಗಳಿಗೆ ಸೌಟಿನಿಂದಲೇ ಒಂದೊಂದು ಏಟು ಕೊಟ್ಟು ಬಡಿಸಿದಳು. ಸೌಟಪ್ಪ ಮೊದಲ ತುತ್ತು ಬಾಯಿಗಿಟ್ಟ. ಊರೆಲ್ಲ ಅವನ ದವಡೆಯನ್ನೇ ನೋಡುತ್ತಿತ್ತು. ಉಪ್ಪು ಹೆಚ್ಚಾಗಿತ್ತು, ಬೇಳೆ ಅರೆಬೆಂದಿತ್ತು, ಕುಂಬಳಕಾಯಿಯ ತಳ ಸೀದಿತ್ತು. ಆದರೆ ಅದು ಬಿಸಿಯಾಗಿತ್ತು. ನಾಲಿಗೆ ಸುಡುವಷ್ಟು ಬಿಸಿ. ಊಟ ಅಂದರೆ ನಾಲಿಗೆ ಸುಡುತ್ತದೆ ಎಂಬುದನ್ನೇ ಅವನು ಮರೆತಿದ್ದ.

"ಹೇಗಿದೆ?" ಅಜ್ಜಿ ಸೌಟು ಹಿಡಿದೇ ಕೇಳಿದಳು.

ಹೆಂಡತಿ ಎದುರಿನಿಂದ ಕಣ್ಣಲ್ಲೇ ಎಚ್ಚರಿಸಿದಳು. ಅದರ ಅಗತ್ಯವಿರಲಿಲ್ಲ.

"ಇನ್ನೊಂದು ಸೌಟು ಹಾಕಿ" ಎಂದ ಸೌಟಪ್ಪ.

ಜಗುಲಿಯಲ್ಲಿ ಜಯಘೋಷವೇ ಆಯಿತು. ಜನ ತಾವಾಗಿ ತಟ್ಟೆ ಹುಡುಕಿಕೊಂಡು ಅಲ್ಲಲ್ಲೇ ಕುಳಿತರು. ಡ್ರೈವರು ಮಾತ್ರ ಬಾಗಿಲಲ್ಲಿ ತಲೆ ಕೆರೆಯುತ್ತಾ ನಿಂತ. ಆಲದ ಮರದ ಕಡೆಯಿಂದ ಯಾರೋ ಬೇಸತ್ತ ಪ್ರಯಾಣಿಕ ಬಸ್ಸಿನ ಹಾರನ್ ಒತ್ತುತ್ತಿದ್ದ.

"ಅಕ್ಕಾ, ಬಸ್ಸಿಗೆ ಬರ್ತೀನಿ ಅಂದಿದ್ರಲ್ಲ. ಹೊರಡೋಣ್ವಾ?"

"ಕೊನೆ ತುತ್ತಿನ ತನಕ ಅಂತ ಮಾತಾಗಿತ್ತು" ಎಂದಳು ಹೆಂಡತಿ, ಕಣ್ಣು ಗಂಡನ ತಟ್ಟೆಯಿಂದ ಕೀಳದೆ. "ಇವರದ್ದು ಈಗ ಶುರುವಾಗಿದೆ. ನೀನು ಹೊರಡೋದಾದ್ರೆ ಹೊರಡು."

ಡ್ರೈವರು ಹೊರಡಲಿಲ್ಲ. ಅವನೂ ಒಂದು ತಟ್ಟೆ ಎಳೆದುಕೊಂಡ. ಅದರಲ್ಲಿ ಏನೂ ಇರಲಿಲ್ಲ, ಮತ್ತು ಅಜ್ಜಿ ಇನ್ನೊಂದು ಮೂಲೆಯಲ್ಲಿದ್ದಳು. ಸೌಟಪ್ಪ ಅದನ್ನು ನೋಡಿಬಿಟ್ಟ. ಖಾಲಿ ತಟ್ಟೆ! ಅವನ ಕಾಲು ತಾನಾಗಿ ನೆಲಕ್ಕೆ ಊರಿತು, ಸೊಂಟ ಮೇಲೆದ್ದಿತು. ಲುಂಗಿ ಏಳಲಿಲ್ಲ. ಬಗ್ಗಿ ನೋಡಿದರೆ ಅದರ ಚುಂಗಿನ ಮೇಲೆ ನೀರು ತುಂಬಿದ ಬಿಂದಿಗೆ ಕೂತಿತ್ತು. ಅದನ್ನು ಯಾವಾಗ ಅಲ್ಲಿಟ್ಟಳೋ!

ಹೆಂಡತಿ ಏನೂ ಅರಿಯದವಳಂತೆ ಅನ್ನ ಕಲಸುತ್ತಿದ್ದಳು.

"ಈರುಳ್ಳಿ ತುಂಬಿಡೋಕೆ ಜಾಗ ಇಲ್ಲ ಅಂತಿದ್ರಲ್ಲ" ಅಂದಳು. "ಆ ಚೀಲ ತಗೊಳ್ಳಿ. ಊಟ ಆದ ಮೇಲೆ."